ಅಬ್ದೆರಾದ ಮಡಕೆ ಚೂರು ಯಾರದು?

ಪ್ರಶ್ನೆ: ಥ್ರೇಸ್ ಕರಾವಳಿಯ ಅಬ್ದೆರಾ ಎಂಬ ಊರನ್ನು ಗ್ರೀಕರು ಎರಡು ಸಲ ಕಟ್ಟಿದರು, ಮೊದಲು ಬಂದವರನ್ನು ಅಲ್ಲಿನ ಮೂಲನಿವಾಸಿಗಳಾದ ಥ್ರೇಸಿಯನ್ನರು ಓಡಿಸಿದರು ಎಂದು ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಇದಕ್ಕೆ ಉತ್ಖನನದಲ್ಲಿ ಪುರಾವೆ ಸಿಕ್ಕಿದೆಯೇ? ಬಣ್ಣದ ಗ್ರೀಕ್ ಮಡಕೆ ಸಿಕ್ಕಲ್ಲಿ ಗ್ರೀಕರು, ಕೈಯಲ್ಲಿ ತಟ್ಟಿದ ಒರಟು ಮಡಕೆ ಸಿಕ್ಕಲ್ಲಿ ಥ್ರೇಸಿಯನ್ನರು ಎಂದು ಲೆಕ್ಕ ಹಾಕಬಹುದೇ? ರೇಡಿಯೋಕಾರ್ಬನ್ ಪರೀಕ್ಷೆ ಮಾಡಿಸಿದರೆ ಕಾಲದ ಗೊಂದಲ ಬಗೆಹರಿಯುವುದಿಲ್ಲವೇ? (ಇತಿಹಾಸ ಎಂ.ಎ. ವಿದ್ಯಾರ್ಥಿನಿ)

ಉತ್ತರ: ಮೊದಲ ಪ್ರಶ್ನೆಗೆ ಹೌದು. ಮೊದಲು ಬಂದವರ ಗೋಡೆಯೂ ಸ್ಮಶಾನವೂ ಸಿಕ್ಕಿವೆ. ಆದರೆ ಅವು ಹೇಳುವ ಕಥೆ ಹೆರೊಡೋಟಸ್ ಹೇಳಿದಷ್ಟು ಚುಟುಕಾಗಿಲ್ಲ. ಎರಡನೆಯದಕ್ಕೆ ಇಲ್ಲ, ಹಾಗೆ ಲೆಕ್ಕ ಹಾಕುವಂತಿಲ್ಲ. ಈ ಉತ್ತರದ ಬಹುಪಾಲು ಅದಕ್ಕೇ ಮೀಸಲು. ಮೂರನೆಯದಕ್ಕೂ ಇಲ್ಲ, ನಮಗೆ ಬೇಕಾದ ಶತಮಾನಗಳಲ್ಲೇ ರೇಡಿಯೋಕಾರ್ಬನ್ ಕೈಕೊಡುತ್ತದೆ.

ಮೊದಲು ಊರಿನ ಪರಿಚಯ. ಅಬ್ದೆರಾ ಇರುವುದು ಈಗಿನ ಗ್ರೀಸಿನ ಈಶಾನ್ಯದಲ್ಲಿ, ಕ್ಸಾಂಥಿ ನಗರದ ದಕ್ಷಿಣಕ್ಕೆ, ಥಾಸೋಸ್ ದ್ವೀಪದ ಎದುರಿನ ಕರಾವಳಿಯಲ್ಲಿ. ಪಕ್ಕದಲ್ಲೇ ನೆಸ್ಟೋಸ್ ನದಿ ಸಮುದ್ರ ಸೇರುತ್ತದೆ. ಬಲ್ಗೇರಿಯಾದ ರಿಲಾ ಪರ್ವತದಲ್ಲಿ ಹುಟ್ಟುವ ಈ ನದಿಗೆ ಅಲ್ಲಿನವರು ಮೆಸ್ತಾ ಎನ್ನುತ್ತಾರೆ. ನದಿ ಹೊತ್ತು ತಂದ ಮೆಕ್ಕಲು ಮಣ್ಣು ಈ ಊರಿನ ಹಣೆಬರಹವನ್ನೇ ಬದಲಿಸಿತು. ಆ ವಿಷಯಕ್ಕೆ ಮುಂದೆ ಬರುತ್ತೇನೆ. ಸಂಪ್ರದಾಯದ ಪ್ರಕಾರ ಕ್ರಿ.ಪೂ. 654ರಲ್ಲಿ ಏಷ್ಯಾ ಮೈನರಿನ (ಈಗಿನ ಟರ್ಕಿಯ) ಕ್ಲಾಜೊಮೆನೈ ಊರಿನ ಜನ ತಿಮೆಸಿಯೋಸ್ ಎಂಬವನ ಮುಂದಾಳತ್ವದಲ್ಲಿ ಇಲ್ಲಿ ನೆಲೆಯೂರಿದರು. ಅವನನ್ನು ಥ್ರೇಸಿಯನ್ನರು ಹೊರಗಟ್ಟಿದರು. ಕ್ರಿ.ಪೂ. 545ರ ಸುಮಾರಿಗೆ ಪರ್ಷಿಯನ್ ದಂಡನಾಯಕ ಹಾರ್ಪಗಸ್ ತಮ್ಮ ಊರಿನ ಗೋಡೆಗೆ ಮಣ್ಣಿನ ದಿಬ್ಬ ಏರಿಸಿದಾಗ, ಏಷ್ಯಾ ಮೈನರಿನದೇ ಆದ ತೆಯೋಸ್ ಊರಿನವರು ಹಡಗು ಹತ್ತಿ ಬಂದು ಅದೇ ಜಾಗದಲ್ಲಿ ಮತ್ತೆ ಊರು ಕಟ್ಟಿದರು. ವಿಶೇಷವೆಂದರೆ, ತಮಗೆ ಸಂಬಂಧವೇ ಇಲ್ಲದ ತಿಮೆಸಿಯೋಸನನ್ನು ಆ ತೆಯೋಸಿನವರು ವೀರನೆಂದು ಪೂಜಿಸುತ್ತಿದ್ದರು. ತತ್ತ್ವಜ್ಞಾನಿಗಳಾದ ಡೆಮಾಕ್ರಿಟಸ್, ಪ್ರೊಟಾಗೊರಸ್ ಹುಟ್ಟಿದ್ದು ಈ ಎರಡನೇ ಊರಿನಲ್ಲಿ.

‘ವಸಾಹತು’ ಎಂಬ ಪದದ ಬಗ್ಗೆಯೂ ಒಂದು ಮಾತು. ಆ ಪದ ಕೇಳಿದೊಡನೆ ನಮ್ಮ ಮನಸ್ಸಿಗೆ ಬರುವುದು ಬ್ರಿಟಿಷರು. ಗ್ರೀಕರು ಬಳಸಿದ ಪದ ಅಪೊಯ್ಕಿಯಾ, ಅಂದರೆ ಮನೆಯಿಂದ ದೂರದ ಮನೆ. ತಾಯೂರು ಅದನ್ನು ಆಳುತ್ತಿರಲಿಲ್ಲ. ಬಂದವರು ಕೆಲವು ನೂರು ಜನ ಇದ್ದಿರಬಹುದು. ಸುತ್ತಲಿನ ಹೊಲ, ಕಾಡು, ಬೆಳ್ಳಿ ಗಣಿಗಳ ದಾರಿ ಎಲ್ಲವೂ ಥ್ರೇಸಿಯನ್ನರ ಕೈಯಲ್ಲಿತ್ತು. ಹಾಗಾಗಿ ‘ಆಕ್ರಮಿಸಿದವರು, ಆಕ್ರಮಣಕ್ಕೊಳಗಾದವರು’ ಎಂಬ ಎರಡೇ ಖಾನೆ ಇಟ್ಟುಕೊಂಡು ಅಗೆಯಲು ಹೊರಟರೆ ಸಿಕ್ಕಿದ ವಸ್ತುವನ್ನೆಲ್ಲ ಆ ಎರಡರೊಳಗೇ ತುರುಕಬೇಕಾಗುತ್ತದೆ.

ಅಬ್ದೆರಾದಲ್ಲಿ ವ್ಯವಸ್ಥಿತ ಉತ್ಖನನ ಶುರುವಾದದ್ದು 1950ರಲ್ಲಿ, ದಿಮಿತ್ರಿಯೋಸ್ ಲಜಾರಿದಿಸ್ ಅವರಿಂದ. ಮೊದಲು ಕಂಡದ್ದು ದಕ್ಷಿಣದ ಊರು: ನೇರ ಬೀದಿಗಳು ಒಂದನ್ನೊಂದು ಚೌಕವಾಗಿ ಕತ್ತರಿಸುವ ಯೋಜಿತ ನಗರ. ಆದರೆ ಅದು ಕ್ರಿ.ಪೂ. ನಾಲ್ಕನೇ ಶತಮಾನದ ಮಧ್ಯಭಾಗದ್ದು. ತಿಮೆಸಿಯೋಸನಿಗೂ ಅದಕ್ಕೂ ಮುನ್ನೂರು ವರ್ಷದ ಅಂತರ. ಹಳೆಯ ಊರು ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮುಂದೆ, ಖೈದೊ ಕೂಕೂಲಿ-ಕ್ರಿಸಾಂಥಾಕಿ ಮತ್ತು ಸಂಗಡಿಗರು ಉತ್ತರಕ್ಕೆ ಅಗೆದಾಗ. ಅಲ್ಲಿ ಮೆಕ್ಕಲಿನಡಿ ಇನ್ನೊಂದು ಕೋಟೆಗೋಡೆ ಇತ್ತು. ಅದರ ಮೊದಲ ಹಂತ ಕ್ರಿ.ಪೂ. ಏಳನೇ ಶತಮಾನದ ಉತ್ತರಾರ್ಧದ್ದು, ಎರಡನೇ ಹಂತ ಆರನೇ ಶತಮಾನದ ಕೊನೆಯ ಭಾಗದ್ದು. ಎರಡು ಸಲ ಊರು ಕಟ್ಟಿದ ಕಥೆಗೆ ಗೋಡೆಯ ಎರಡು ಹಂತಗಳು ತಾಳೆಯಾಗುತ್ತವೆ. ಹಳೆಯ ಗೋಡೆಯ ಒಳಗಿನವರು ಕ್ರಿ.ಪೂ. ನಾಲ್ಕನೇ ಶತಮಾನದಲ್ಲಿ ಯಾಕೆ ದಕ್ಷಿಣಕ್ಕೆ ಸರಿದರು ಎಂಬುದೂ ಆ ಮೆಕ್ಕಲಿನಲ್ಲೇ ಬರೆದಿದೆ: ಬಂದರು ಹೂತುಹೋಯಿತು, ನೀರು ಮನೆಗಳಿಗೆ ನುಗ್ಗಿತು, ಕಡಲ ಅಂಚು ದೂರ ಹೋಯಿತು.

ಈಗ ಸ್ಮಶಾನ. ಉತ್ತರ ಗೋಡೆಯ ಹೊರಗೆ ಕ್ಲಾಜೊಮೆನೈಯವರ ಕಾಲದ ಸಮಾಧಿಗಳನ್ನು ಯುದೋಕಿಯಾ ಸ್ಕಾರ್ಲಾತಿದು ಅಗೆದು ಪ್ರಕಟಿಸಿದರು. ಅಲ್ಲಿ ಎದ್ದು ಕಾಣುವುದು ಮಕ್ಕಳು. ಹಸುಗೂಸುಗಳನ್ನು ದೊಡ್ಡ ಜಾಡಿಗಳಲ್ಲಿಟ್ಟು ಹೂಳಿದ ಕುಂಭ ಸಮಾಧಿಗಳೇ ಹೆಚ್ಚು. ದೊಡ್ಡವರ ಸಮಾಧಿ ಅದಕ್ಕೆ ಹೋಲಿಸಿದರೆ ಕಡಿಮೆ. ಹಿಂದಿನ ಯಾವ ಸಮಾಜದಲ್ಲೂ ಶಿಶುಮರಣ ಹೆಚ್ಚೇ ಇತ್ತು ನಿಜ, ಆದರೆ ಇಲ್ಲಿನ ಪ್ರಮಾಣ ಅದನ್ನೂ ಮೀರಿಸುತ್ತದೆ. ಇದನ್ನು ಎರಡು ಬಗೆಯಾಗಿ ಓದಬಹುದು. ನದೀಮುಖದ ಜೌಗಿನಲ್ಲಿ ಜ್ವರ, ಅರೆಹೊಟ್ಟೆ, ಬಾಣಂತಿಯರ ನಿಶ್ಶಕ್ತಿ ಸೇರಿ ಕೂಸುಗಳನ್ನು ಬಲಿ ತೆಗೆದುಕೊಂಡವು ಎಂಬುದು ಒಂದು. ಅಗೆದ ಭಾಗ ಮಕ್ಕಳಿಗೇ ಬಿಟ್ಟ ಮೂಲೆಯಾಗಿತ್ತು, ದೊಡ್ಡವರ ಸಾಲು ಬೇರೆಡೆ ಇದೆ ಎಂಬುದು ಇನ್ನೊಂದು. ಎಲುಬಿನ ಮೇಲೆ ಕಾಯಿಲೆ ಮತ್ತು ಅಪೌಷ್ಟಿಕತೆಯ ಗುರುತು ಹುಡುಕಿದ ಅಧ್ಯಯನಗಳು ಮೊದಲಿನದನ್ನು ಬೆಂಬಲಿಸಿವೆ. ನನಗೂ ಅದೇ ಹೆಚ್ಚು ಸರಿ ಎನಿಸುತ್ತದೆ, ಆದರೆ ಎರಡನೆಯದನ್ನು ಪೂರ್ತಿ ತಳ್ಳಿಹಾಕಲು ಗೋಡೆಯ ಸುತ್ತ ಇನ್ನಷ್ಟು ಅಗೆಯಬೇಕು.

ಈ ಸ್ಮಶಾನ ನಿಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುವುದು ತನ್ನ ಆಯುಸ್ಸಿನಿಂದ. ಇಲ್ಲಿ ಹೂಳುವುದು ಏಳನೇ ಶತಮಾನದ ಮಧ್ಯದಿಂದ ಆರನೇ ಶತಮಾನದ ಆರಂಭದವರೆಗೂ ನಡೆದಿದೆ. ಹೆರೊಡೋಟಸನ ಒಂದೇ ವಾಕ್ಯ ಓದಿದರೆ ತಿಮೆಸಿಯೋಸ್ ಬಂದ, ಏಟು ತಿಂದ, ಹೋದ ಎಂಬಂತೆ ತೋರುತ್ತದೆ. ಮಣ್ಣು ಹೇಳುವುದು ಬೇರೆ: ಕನಿಷ್ಠ ಎರಡು ತಲೆಮಾರು ಇಲ್ಲಿ ಬದುಕಿದೆ, ಹೆತ್ತಿದೆ, ಕಳೆದುಕೊಂಡ ಮಕ್ಕಳನ್ನು ಹೂಳಿದೆ. ಕಟ್ಟಿಸಿದವನು ಹೊರಬಿದ್ದರೂ ಊರಿನವರು ಉಳಿದಿರಬಹುದು. ಥ್ರೇಸಿಯನ್ನರ ದಾಳಿ ಅವರನ್ನು ಹಣ್ಣು ಮಾಡಿರಬಹುದು, ಹಾಗೆಯೇ ಜೌಗೂ ಮಾಡಿರಬಹುದು.

ದಾಳಿ ನಡೆದಿದ್ದರೆ ಏನು ಸಿಗಬೇಕು? ಸುಟ್ಟ ಪದರ, ಅದರೊಳಗೆ ಬಾಣದ ಮೊನೆ, ಹೂಳದೆ ಬಿದ್ದ ಹೆಣ, ಒಂದೇ ಸಲಕ್ಕೆ ಬಿಟ್ಟುಹೋದ ಮನೆಸಾಮಾನು, ಮೇಲೆ ಮನುಷ್ಯರ ಕುರುಹೇ ಇಲ್ಲದ ಮಣ್ಣು. ಇವೆಲ್ಲ ಒಂದೇ ಪದರದಲ್ಲಿ, ಊರಿನ ಹಲವು ಕಡೆ, ಒಂದೇ ಕಾಲಕ್ಕೆ ಸಿಗಬೇಕು. ಒಂದು ಗುಂಡಿಯಲ್ಲಿ ಬೂದಿ ಕಂಡೊಡನೆ ‘ದಾಳಿ’ ಎಂದು ಬರೆಯುವುದು ಹಳೆಯ ವರದಿಗಳ ದೊಡ್ಡ ದೋಷ. ಕುಂಬಾರನ ಆವಿಗೆಯೂ ಬೂದಿ ಬಿಡುತ್ತದೆ, ಒಲೆಯೂ ಬಿಡುತ್ತದೆ. ಹಾಗೆಯೇ ‘ನಡುವೆ ನಲವತ್ತು ವರ್ಷ ಊರು ಖಾಲಿ’ ಎನ್ನುವಾಗ ಖಾಲಿ ಇದ್ದದ್ದು ಊರೋ ಅಥವಾ ಅಗೆದ ಆ ಚೌಕವೋ ಎಂದು ಕೇಳಬೇಕು.

ಕಾಲ ಗೊತ್ತುಮಾಡುವ ಬಗೆ

ರೇಡಿಯೋಕಾರ್ಬನ್ ಪರೀಕ್ಷೆ ಅಳೆಯುವುದು ಉಳಿದಿರುವ ಇಂಗಾಲ-14 ಅನ್ನು. ಆ ಅಳತೆಯನ್ನು ನಿಜವಾದ ವರ್ಷಕ್ಕೆ ಬದಲಿಸಲು ಮರದ ಉಂಗುರಗಳಿಂದ ಕಟ್ಟಿದ ಒಂದು ವಕ್ರರೇಖೆ ಬಳಸುತ್ತಾರೆ. ಆ ರೇಖೆ ಕ್ರಿ.ಪೂ. ಸುಮಾರು 750ರಿಂದ 400ರವರೆಗೆ ಹೆಚ್ಚುಕಡಿಮೆ ಚಪ್ಪಟೆ. ಯೂರೋಪಿನ ಪುರಾತತ್ತ್ವಜ್ಞರು ಇದನ್ನು ಹಾಲ್‌ಸ್ಟಾಟ್ ಪ್ರಸ್ಥಭೂಮಿ ಎನ್ನುತ್ತಾರೆ. ಈ ಅವಧಿಯ ಯಾವುದೇ ಗೋಧಿಕಾಳನ್ನು ಪರೀಕ್ಷೆಗೆ ಕಳಿಸಿದರೂ ಉತ್ತರ ಮುನ್ನೂರು ವರ್ಷಗಳ ಅಗಲಕ್ಕೆ ಹರಡಿಕೊಂಡು ಬರುತ್ತದೆ. ಅಬ್ದೆರಾದ ಮೊದಲ ನೆಲೆ 654, ಎರಡನೆಯದು 545. ಎರಡೂ ಆ ಚಪ್ಪಟೆಯೊಳಗೇ ಬೀಳುತ್ತವೆ. ಪ್ರಯೋಗಾಲಯದ ತಪ್ಪಲ್ಲ ಇದು. ಆ ಶತಮಾನಗಳ ಗಾಳಿಯಲ್ಲಿದ್ದ ಇಂಗಾಲವೇ ಹಾಗಿತ್ತು. ದಾರಿ ಒಂದಿದೆ: ಐವತ್ತಕ್ಕಿಂತ ಹೆಚ್ಚು ಉಂಗುರಗಳಿರುವ ಸುಟ್ಟ ತೊಲೆ ಸಿಕ್ಕರೆ, ಹತ್ತು ಉಂಗುರಗಳಿಗೊಂದರಂತೆ ಮಾದರಿ ತೆಗೆದು ರೇಖೆಯ ಏರಿಳಿತಕ್ಕೆ ಹೊಂದಿಸಬಹುದು. ಆಗಲೂ ಸಿಗುವುದು ಆ ಉಂಗುರ ಬೆಳೆದ ವರ್ಷ, ಮನೆ ಕಟ್ಟಿದ ವರ್ಷವಲ್ಲ. ತೊಗಟೆ ಉಳಿದಿರದಿದ್ದರೆ ಹೊರಗಿನ ಎಷ್ಟು ಉಂಗುರ ಹೋದವೋ ಲೆಕ್ಕ ಸಿಗದು. ಹಳೆಯ ತೊಲೆಯನ್ನು ಹೊಸ ಮನೆಗೆ ಬಳಸಿದ್ದರಂತೂ ಕಾಲ ಇನ್ನೂ ಹಿಂದಕ್ಕೆ ಜಾರುತ್ತದೆ.

ಹಾಗಾಗಿ ಕಾಲಕ್ಕೆ ಆಧಾರ ಬಣ್ಣದ ಮಡಕೆಗಳೇ. ಪೂರ್ವ ಗ್ರೀಸಿನ ಹಕ್ಕಿ ಚಿತ್ರದ ಬಟ್ಟಲು, ಕಾಡುಮೇಕೆ ಶೈಲಿಯ ಹೂಜಿ, ಕೊರಿಂಥಿನ ಪುಟ್ಟ ಎಣ್ಣೆ ಕುಡಿಕೆ, ಮುಂದೆ ಅಥೆನ್ಸಿನ ಕಪ್ಪು ಚಿತ್ರದ ಮತ್ತು ಕ್ರಿ.ಪೂ. 525ರ ನಂತರ ಬರುವ ಕೆಂಪು ಚಿತ್ರದ ಮಡಕೆ. ಇವುಗಳ ಆಕಾರವೂ ಅಲಂಕಾರವೂ ಇಪ್ಪತ್ತು ಮೂವತ್ತು ವರ್ಷಕ್ಕೊಮ್ಮೆ ಗುರುತಿಸುವಷ್ಟು ಬದಲಾಗುತ್ತವೆ. ಆದರೆ ಈ ಅಳತೆಗೋಲಿನ ಅಂಕಿಗಳು ಎಲ್ಲಿಂದ ಬಂದವು ಎಂದು ನೋಡಿ. ಕೊರಿಂಥಿನ ಮಡಕೆಗಳ ಕಾಲವನ್ನು ಬಹುಮಟ್ಟಿಗೆ ನಿಲ್ಲಿಸಿರುವುದು ಸಿಸಿಲಿಯ ಗ್ರೀಕ್ ಊರುಗಳು ಹುಟ್ಟಿದ ವರ್ಷಗಳ ಮೇಲೆ. ಸಿರಾಕ್ಯೂಸ್ 733, ಸೆಲಿನುಸ್ 628 ಎಂಬ ಲೆಕ್ಕ ಗ್ರೀಕ್ ಇತಿಹಾಸಕಾರ ಥುಸಿಡಿಡೀಸ್ ಬರೆದ ವಿವರದಿಂದ ಬಂದದ್ದು. ಅಂದರೆ ಒಂದು ಗ್ರಂಥದ ವರ್ಷದಿಂದ ಮಡಕೆಗೆ ವಯಸ್ಸು ಕಟ್ಟಿ, ಆ ಮಡಕೆಯಿಂದ ಇನ್ನೊಂದು ಗ್ರಂಥದ ವರ್ಷವನ್ನು ‘ದೃಢಪಡಿಸುತ್ತೇವೆ’. ಗ್ರಂಥಗಳು ಬೇರೆ ಬೇರೆಯಾದ್ದರಿಂದ ಇದು ಸುತ್ತುವಾದವಲ್ಲ, ಆದರೂ ಎಚ್ಚರ ಬೇಕು. ಮಡಕೆಯಿಂದ ‘ಏಳನೇ ಶತಮಾನದ ಮಧ್ಯಭಾಗ’ ಎಂದು ಹೇಳಬಹುದು. ‘654’ ಎಂದು ಹೇಳಲಾಗದು.

ಕರ್ನಾಟಕದ ಇತಿಹಾಸ ಓದಿದವರಿಗೆ ಈ ತರ್ಕ ಹೊಸದೇನಲ್ಲ. 1945ರಲ್ಲಿ ಪುದುಚೇರಿ ಹತ್ತಿರದ ಅರಿಕಮೇಡಿನಲ್ಲಿ ಸಿಕ್ಕ ರೋಮನ್ ಮಡಕೆಗಳ ಜೊತೆಗಿದ್ದ ದೇಶೀ ಮಡಕೆಗಳಿಗೆ ಕಾಲ ಗೊತ್ತುಮಾಡಿ, ಅದೇ ಸರಪಳಿ ಹಿಡಿದು 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಪದರಗಳಿಗೆ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಕಾಲ ಕಟ್ಟಿದರು. ಆ ಸರಪಳಿಯ ಮುಖ್ಯ ಕೊಂಡಿಯಾದ ಚಕ್ರಗೀರು ಅಲಂಕಾರದ ತಟ್ಟೆಗಳನ್ನು ವೀಲರ್ ಮೆಡಿಟರೇನಿಯನ್ ಕಡೆಯಿಂದ ಬಂದವೆಂದೇ ಭಾವಿಸಿದ್ದರು. ದಶಕಗಳ ನಂತರ ಮಣ್ಣಿನ ರಾಸಾಯನಿಕ ವಿಶ್ಲೇಷಣೆ ಅವು ಭಾರತದ ಮಣ್ಣಿನಲ್ಲೇ ತಯಾರಾದವು ಎಂದು ತೋರಿಸಿತು. ‘ನೋಡಲು ಅವರದರಂತಿದೆ, ಆದ್ದರಿಂದ ಅವರದೇ’ ಎಂಬ ತೀರ್ಮಾನ ಎಲ್ಲಿ ಎಡವುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಮಡಕೆ ಮತ್ತು ಜನ

ನಿಮ್ಮ ಎರಡನೇ ಪ್ರಶ್ನೆಗೆ ಬಂದೆವು. ಥ್ರೇಸಿನ ಒಳನಾಡಿನಲ್ಲಿ, ಬಲ್ಗೇರಿಯಾದ ಕಜನ್ಲಕ್ ಬಳಿ ಸೆವ್ತೊಪೊಲಿಸ್ ಎಂಬ ನಗರ ಇತ್ತು. ಕೊಪ್ರಿಂಕಾ ಅಣೆಕಟ್ಟು ಕಟ್ಟುವಾಗ 1948ರಲ್ಲಿ ಅದು ಪತ್ತೆಯಾಯಿತು, 1954ರವರೆಗೆ ಅಗೆದರು, ಈಗ ನೀರಿನಡಿಯಲ್ಲಿದೆ. ಸುಮಾರು 5 ಹೆಕ್ಟೇರಿನ ಆ ಊರಿನಲ್ಲಿ ನೇರ ಬೀದಿ, ಕಂಬಸಾಲಿನ ಅಂಗಳದ ಮನೆ, ಗ್ರೀಕ್ ಲಿಪಿಯ ಗ್ರೀಕ್ ಭಾಷೆಯ ಶಾಸನ, ಥಾಸೋಸಿನ ಮದ್ಯದ ಜಾಡಿ ಎಲ್ಲವೂ ಇತ್ತು. ಮಡಕೆಯ ಲೆಕ್ಕ ಹಿಡಿದರೆ ಅದನ್ನು ಗ್ರೀಕ್ ವಸಾಹತು ಎನ್ನಬೇಕು. ಆದರೆ ಅದು ಥ್ರೇಸಿನ ಒಡ್ರಿಸಿಯನ್ ಬುಡಕಟ್ಟಿನ ರಾಜ ಮೂರನೇ ಸೆವ್ಥೆಸ್ ಕ್ರಿ.ಪೂ. ನಾಲ್ಕನೇ ಶತಮಾನದ ಕೊನೆಯಲ್ಲಿ ಕಟ್ಟಿಸಿದ ರಾಜಧಾನಿ. ಅಲ್ಲಿನ ಮನೆಗಳ ನಡುವೆ ಚಿತ್ತಾರ ಬಿಡಿಸಿದ ಮಣ್ಣಿನ ಅಗ್ನಿವೇದಿಕೆಗಳು ಇದ್ದವು. ಅವು ಥ್ರೇಸಿಯನ್ನರ ಮನೆಪೂಜೆಯ ಗುರುತು. ಮಡಕೆಯನ್ನು ಕೊಂಡು ತರಬಹುದು, ಆ ವೇದಿಕೆಯನ್ನು ಹಾಗೆ ತರಲು ಬರುವುದಿಲ್ಲ.

ಇದಕ್ಕೆ ತದ್ವಿರುದ್ಧ ಉದಾಹರಣೆ ಅಬ್ದೆರಾದ ಪೂರ್ವಕ್ಕೆ, ಕರಾವಳಿಯಲ್ಲೇ ಇದೆ. ಜೋನೆ ಎಂಬ ಊರು ಸಾಮೊಥ್ರೇಸ್ ದ್ವೀಪದ ಗ್ರೀಕರದು. ಅಲ್ಲಿನ ಅಪೊಲೊ ದೇಗುಲದಲ್ಲಿ ಹರಕೆಯ ಮಡಕೆಗಳ ಮೇಲೆ ಗೀಚಿದ ಬರಹಗಳು ರಾಶಿಯಾಗಿ ಸಿಕ್ಕಿವೆ. ಲಿಪಿ ಗ್ರೀಕ್, ಮಡಕೆ ಗ್ರೀಕ್, ದೇವರು ಗ್ರೀಕ್. ಹಲವು ಬರಹಗಳ ಭಾಷೆ ಮಾತ್ರ ಗ್ರೀಕ್ ಅಲ್ಲ. ‘ಅಬೊಲೊ ಉನೆಸೊ’ ಎಂದು ಶುರುವಾಗುವ ಅವು ಥ್ರೇಸಿಯನ್ ಭಾಷೆಯವು. ಆ ಮಡಕೆಯ ಮೇಲೆ ಒಂದು ಸಾಲು ಗೀಚದೇ ಇದ್ದಿದ್ದರೆ ಅದನ್ನು ಅರ್ಪಿಸಿದವನನ್ನು ನಾವೆಲ್ಲ ಗ್ರೀಕನೆಂದೇ ಬರೆಯುತ್ತಿದ್ದೆವು.

ಹೆಸರೂ ಪೂರ್ತಿ ನಂಬುವಂಥದ್ದಲ್ಲ. ಥುಸಿಡಿಡೀಸನ ತಂದೆಯ ಹೆಸರು ಒಲೊರೊಸ್, ಅದು ಥ್ರೇಸಿಯನ್ ಹೆಸರು. ಥುಸಿಡಿಡೀಸ್ ಅಥೆನ್ಸಿನ ಪ್ರಜೆ, ಥ್ರೇಸಿನಲ್ಲಿ ಚಿನ್ನದ ಗಣಿಯ ಹಕ್ಕಿದ್ದವನು. ಅಬ್ದೆರಾದ ನಿಂಫೊಡೊರೊಸ್ ಎಂಬ ಪ್ರಭಾವಿಯ ತಂಗಿಯನ್ನು ಒಡ್ರಿಸಿಯನ್ ರಾಜ ಸಿತಾಲ್ಕೆಸ್ ಮದುವೆಯಾಗಿದ್ದ, ಕ್ರಿ.ಪೂ. 431ರಲ್ಲಿ ಅಥೆನ್ಸಿನವರು ಆ ನೆಂಟಸ್ತನ ಹಿಡಿದೇ ರಾಜನ ಜೊತೆ ಒಪ್ಪಂದ ಮಾಡಿಕೊಂಡರು. ಅರಮನೆಗೆ ಹೋದ ಹೆಣ್ಣುಮಗಳ ದಾಖಲೆ ಗ್ರಂಥದಲ್ಲಿ ಉಳಿಯಿತು. ಒಳನಾಡಿನಿಂದ ಅಬ್ದೆರಾದ ಅಡುಗೆಮನೆಗೆ ಬಂದ ಹೆಣ್ಣುಮಕ್ಕಳ ದಾಖಲೆ ಎಲ್ಲೂ ಇಲ್ಲ. ಇದ್ದರೆ ಅದು ಆ ಒರಟು ಮಡಕೆಯಲ್ಲಿರಬೇಕು.

ಹಾಗಾದರೆ ಕೈಮಡಕೆಯನ್ನು ಹೇಗೆ ಓದಬೇಕು? ತಿಗರಿಯಿಲ್ಲದೆ ತಟ್ಟಿ ಮಾಡಿದ, ದಪ್ಪ ಹರಳು ಬೆರೆಸಿದ, ಕಡಿಮೆ ಶಾಖದಲ್ಲಿ ಸುಟ್ಟ ಗಡಿಗೆ ಒಲೆಯ ಮೇಲೆ ಸೀಳದೆ ಬಾಳುತ್ತದೆ. ಹರಳು ಮಣ್ಣಿನ ಹಿಗ್ಗು ಕುಗ್ಗನ್ನು ತಡೆದುಕೊಳ್ಳುತ್ತದೆ. ಅಂದರೆ ಅದು ಒಳ್ಳೆಯ ಅಡುಗೆ ಪಾತ್ರೆ. ಗ್ರೀಕ್ ಗೃಹಿಣಿ ಸಂತೆಯಲ್ಲಿ ಅದನ್ನು ಕೊಂಡಿರಬಹುದು, ಥ್ರೇಸಿಯನ್ ಹೆಂಡತಿ ಮನೆಯಲ್ಲೇ ತಟ್ಟಿರಬಹುದು, ದಾಸಿ ಮಾಡಿರಬಹುದು, ಊರು ಕಟ್ಟುವ ಮೊದಲಿದ್ದ ಹಳ್ಳಿಯ ಚೂರು ಮೇಲೆ ಬಂದಿರಬಹುದು. ಈ ನಾಲ್ಕನ್ನು ಬೇರ್ಪಡಿಸುವುದು ಚೂರಿನ ಅಂದದಿಂದಲ್ಲ, ಅದು ಎಲ್ಲಿ, ಯಾವುದರ ಜೊತೆ, ಎಷ್ಟು ಕಾಲ ಸಿಗುತ್ತದೆ ಎಂಬುದರಿಂದ. ಸಂತೆಯ ಸರಕಾದರೆ ಎರಡು ಮೂರು ಆಕಾರಗಳಷ್ಟೇ ಬರುತ್ತವೆ. ಮನೆಯ ಅಭ್ಯಾಸವಾದರೆ ಗಡಿಗೆ, ಮುಚ್ಚಳ, ಬಟ್ಟಲು, ಕೆಂಡದ ಒಲೆ ಎಲ್ಲವೂ ಒಟ್ಟಾಗಿ ಬಂದು, ಹಲವು ಪದರಗಳವರೆಗೆ ಮುಂದುವರಿಯುತ್ತವೆ. ಗಡಿಗೆಯ ತಳದ ಮಸಿ ಎಲ್ಲಿದೆ ನೋಡಬೇಕು: ತಳಕ್ಕೆಲ್ಲ ಮಸಿ ಹತ್ತಿದ್ದರೆ ಉರಿಯ ಮೇಲೆ ಇಟ್ಟದ್ದು, ಒಂದೇ ಪಕ್ಕಕ್ಕೆ ಹತ್ತಿದ್ದರೆ ಉರಿಯ ಬದಿಗೆ ನಿಲ್ಲಿಸಿದ್ದು. ಅಡುಗೆಯ ರೂಢಿ ಇಲ್ಲಿ ಕಾಣುತ್ತದೆ, ಮತ್ತು ಅಡುಗೆಯ ರೂಢಿ ಬಣ್ಣದ ಬಟ್ಟಲಿಗಿಂತ ನಿಧಾನವಾಗಿ ಬದಲಾಗುತ್ತದೆ. ಮಡಕೆಯ ಗೋಡೆಗೆ ಇಳಿದ ಜಿಡ್ಡನ್ನು ಪ್ರಯೋಗಾಲಯದಲ್ಲಿ ತೆಗೆದು ಹಾಲೋ ಮಾಂಸವೋ ಮೀನೋ ಎಂದು ಹೇಳಬಹುದು. ಆದರೆ ಅದಕ್ಕಾಗಿ ಇಟ್ಟ ಚೂರನ್ನು ತೊಳೆಯಬಾರದು, ಬರಿಗೈಯಲ್ಲಿ ಮುಟ್ಟಬಾರದು, ಪ್ಲಾಸ್ಟಿಕ್ ಚೀಲಕ್ಕೂ ಹಾಕಬಾರದು. ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಸುತ್ತಲಿನ ಮಣ್ಣಿನ ಮಾದರಿಯನ್ನೂ ಜೊತೆಗೆ ಕಳಿಸಬೇಕು.

ಮಣ್ಣು ಎಲ್ಲಿಯದು ಎಂದು ತಿಳಿಯಲು ಚೂರಿನ ಒಂದು ಹೋಳನ್ನು ಗಾಜಿಗೆ ಅಂಟಿಸಿ 0.03 ಮಿ.ಮೀ. ದಪ್ಪಕ್ಕೆ ಉಜ್ಜಿ ಸೂಕ್ಷ್ಮದರ್ಶಕದಲ್ಲಿ ಖನಿಜ ನೋಡುತ್ತಾರೆ. ಒರಟು ಮಡಕೆಗೆ ಈ ವಿಧಾನ ಚೆನ್ನ, ಹರಳುಗಳೇ ಊರು ಹೇಳುತ್ತವೆ. ನುಣುಪು ಮಡಕೆಯಲ್ಲಿ ಹರಳು ಇರುವುದಿಲ್ಲ. ಅಲ್ಲಿ ಧಾತುಗಳ ರಾಸಾಯನಿಕ ಅಳತೆ ಬೇಕು. ಹೋಲಿಸಲು ಆವಿಗೆಯಲ್ಲಿ ಕೆಟ್ಟು ಸೊಟ್ಟಗಾದ ಮಡಕೆ ಸಿಕ್ಕರೆ ಅದೇ ಚಿನ್ನ, ಯಾಕೆಂದರೆ ಕೆಟ್ಟ ಮಡಕೆಯನ್ನು ಯಾರೂ ಹಡಗಿಗೆ ಏರಿಸುವುದಿಲ್ಲ. ಅದು ಸುಟ್ಟಲ್ಲೇ ಉಳಿಯುತ್ತದೆ.

ಎಣಿಕೆಯಲ್ಲಿ ಆಗುವ ಅನಾಹುತ ಇನ್ನೂ ದೊಡ್ಡದು. ದೊಡ್ಡ ಮದ್ಯದ ಜಾಡಿ ಒಡೆದರೆ ನೂರು ಚೂರು, ಚಿಕ್ಕ ಬಟ್ಟಲು ಒಡೆದರೆ ಹತ್ತು. ಚೂರು ಎಣಿಸಿದರೆ ಊರೆಲ್ಲ ಜಾಡಿಯೇ. ತೂಕ ಹಾಕಿದರೆ ಇನ್ನೂ ಕೆಟ್ಟದು. ಅದಕ್ಕೇ ಬಾಯಂಚಿನ ಚೂರುಗಳನ್ನು ತೆಗೆದುಕೊಂಡು, ವೃತ್ತಗಳ ನಕ್ಷೆಯ ಮೇಲಿಟ್ಟು, ಪ್ರತಿ ಚೂರು ಇಡೀ ಬಾಯಿಯ ಶೇಕಡಾ ಎಷ್ಟು ಎಂದು ಅಳೆದು ಕೂಡಿಸುತ್ತಾರೆ. ಒಟ್ಟು 100 ಬಂದರೆ ಒಂದು ಮಡಕೆ. ಕೈಮಡಕೆಗೆ ಇದೂ ಅನ್ಯಾಯವೇ: ಅದರ ಬಾಯಿ ಪೂರ್ಣ ವೃತ್ತವಲ್ಲ, ಅಂಕುಡೊಂಕು. ಇನ್ನು ಕಡಿಮೆ ಸುಟ್ಟ ಚೂರು ನೀರಿಗೆ ಹಾಕಿ ಬ್ರಷ್ಷಿನಿಂದ ಉಜ್ಜಿದರೆ ಕರಗಿಯೇ ಹೋಗುತ್ತದೆ. ಅದನ್ನು ನೆರಳಲ್ಲಿ ಒಣಗಿಸಿ, ಮೆತ್ತನೆಯ ಕುಂಚದಿಂದ ಒಣಗಿದ್ದಂತೆಯೇ ಒರಸಬೇಕು. ಹಳೆಯ ಉತ್ಖನನಗಳಲ್ಲಿ ಬಣ್ಣವಿಲ್ಲದ ಚೂರುಗಳನ್ನು ಗುಡ್ಡೆ ಹಾಕಿ ಎಸೆದದ್ದೂ ಉಂಟು. ಅಂಥ ಊರುಗಳಲ್ಲಿ ‘ಥ್ರೇಸಿಯನ್ನರ ಕುರುಹಿಲ್ಲ’ ಎಂದು ಬರೆದಿದ್ದರೆ, ಕುರುಹು ಹೋದದ್ದು ಮಣ್ಣಿನಿಂದಲ್ಲ, ಚೂರು ಆರಿಸಿದ ಕೈಯಿಂದ.

ಅಗೆಯುವ ಕ್ರಮವೂ ಉತ್ತರವನ್ನು ಬದಲಿಸುತ್ತದೆ. ಸಾಮಾನ್ಯವಾಗಿ 5 ಮೀಟರ್ ಚೌಕ ಗುರುತಿಸಿ 4 ಮೀಟರ್ ಅಗೆದು, ನಡುವೆ 1 ಮೀಟರಿನ ಮಣ್ಣುಗೋಡೆ ಬಿಡುತ್ತಾರೆ. ಪದರಗಳ ಸಾಲು ಆ ಗೋಡೆಯಲ್ಲಿ ಓದಲು ಸಿಗುತ್ತದೆ. ಬಣ್ಣ, ಗಟ್ಟಿತನ, ಹರಳು ಬದಲಾದೊಡನೆ ಹೊಸ ಸಂಖ್ಯೆ ಕೊಡಬೇಕು, 20 ಸೆಂ.ಮೀ.ಗೊಮ್ಮೆ ಯಾಂತ್ರಿಕವಾಗಿ ಕೊಡಬಾರದು. ಹಾಗೆ ಕೊಟ್ಟರೆ ಇಳಿಜಾರಾದ ಎರಡು ಪದರಗಳ ಚೂರು ಒಂದೇ ಚೀಲಕ್ಕೆ ಬೀಳುತ್ತದೆ. ತೆಯೋಸಿನವರು ಗೋಡೆಗೆ ತೋಡಿದ ಅಡಿಪಾಯದ ಕಾಲುವೆ ಕ್ಲಾಜೊಮೆನೈಯವರ ಪದರವನ್ನು ಸೀಳಿಕೊಂಡು ಹೋಗಿರುತ್ತದೆ, ಅಗೆದ ಮಣ್ಣನ್ನೇ ಮತ್ತೆ ತುಂಬಿರುತ್ತಾರೆ. ಅದನ್ನು ಬೇರ್ಪಡಿಸದಿದ್ದರೆ 650ರ ಬಟ್ಟಲೂ 520ರ ಬಟ್ಟಲೂ ‘ಜೊತೆಗೇ ಸಿಕ್ಕವು’ ಎಂದಾಗುತ್ತದೆ, ನಡುವಿನ ಬಿಡುವೇ ಮಾಯವಾಗುತ್ತದೆ. ಪದರದ ಕಾಲವನ್ನು ಅದರೊಳಗಿನ ಅತ್ಯಂತ ಹೊಸ ಚೂರು ಹೇಳುತ್ತದೆ. ಹಳೆಯವು ಎಷ್ಟಿದ್ದರೂ ಲೆಕ್ಕಕ್ಕಿಲ್ಲ.

ಹಸುಗೂಸಿನ ಎಲುಬು ಕಡ್ಡಿಯಷ್ಟು ತೆಳು, ಹಲ್ಲಿನ ಮೊಳಕೆ ಸಾಸಿವೆಗಿಂತ ಸ್ವಲ್ಪ ದೊಡ್ಡದು. ಕುಂಭ ಸಮಾಧಿಯ ಜಾಡಿಯನ್ನು ಸ್ಥಳದಲ್ಲಿ ಬಿಡಿಸದೆ, ಮಣ್ಣಿನ ಸಮೇತ ಬಟ್ಟೆ ಸುತ್ತಿ ಎತ್ತಿ ಒಳಗೆ ಬಿಡಿಸುವುದು ಮೇಲು. ಒಳಗಿನ ಮಣ್ಣನ್ನೆಲ್ಲ 1 ಮಿ.ಮೀ. ಜರಡಿಯಲ್ಲಿ ನೀರು ಹಾಯಿಸಿ ಸೋಸಬೇಕು. 5 ಮಿ.ಮೀ. ಒಣ ಜರಡಿಯಲ್ಲಿ ಹಲ್ಲು ಕೆಳಗೆ ಬಿದ್ದುಹೋಗುತ್ತದೆ, ಮತ್ತು ಕೂಸಿನ ವಯಸ್ಸನ್ನು ವಾರಗಳ ಮಟ್ಟಿಗೆ ಹೇಳುವುದು ಆ ಹಲ್ಲೇ.

ನದೀಮುಖದಲ್ಲಿ ನೀರು ಬೇಗ ಒಸರುತ್ತದೆ. ಬೇಸಿಗೆಯ ಕೊನೆಗೆ ನೀರಿನ ಮಟ್ಟ ಇಳಿದಾಗ ಅಗೆದು, ಆಳ ಹೆಚ್ಚಾದಂತೆ ಮೆಟ್ಟಿಲು ಮೆಟ್ಟಿಲಾಗಿ ಬದಿಯನ್ನು ಹಿಂದಕ್ಕೆ ಕಡಿಯದಿದ್ದರೆ ಗೋಡೆ ಕುಸಿದು ಕೆಲಸದವರ ಜೀವಕ್ಕೇ ಅಪಾಯ. ಹಳೆಯ ಬಂದರು ಎಲ್ಲಿತ್ತು ಎಂದು ತಿಳಿಯಲು ಅಗೆಯುವುದೇ ಬೇಡ, ಕೊಳವೆ ಇಳಿಸಿ ಮೀಟರ್ ಮೀಟರಾಗಿ ಮಣ್ಣು ಎತ್ತಿದರೆ ಸಾಕು. ಕೆಳಗೆ ಕಡಲ ಚಿಪ್ಪು, ನಡುವೆ ಉಪ್ಪುಸಿಹಿ ಬೆರೆತ ಹಿನ್ನೀರಿನ ಚಿಪ್ಪು, ಮೇಲೆ ಸಿಹಿನೀರಿನ ಬಸವನಹುಳು. ಸಮುದ್ರ ದೂರ ಸರಿದ ಕ್ರಮ ಅದೇ ಕೊಳವೆಯಲ್ಲಿ ಕಾಣುತ್ತದೆ. ಕಾಲ ಅಳೆಯಲು ಚಿಪ್ಪಿನ ಬದಲು ಬೀಜ ಆರಿಸಿಕೊಳ್ಳಬೇಕು. ಕಡಲ ನೀರಿನ ಹಳೆಯ ಇಂಗಾಲದಿಂದಾಗಿ ಚಿಪ್ಪು ಸುಮಾರು 400 ವರ್ಷ ಹೆಚ್ಚು ಮುದಿಯಾಗಿ ತೋರುತ್ತದೆ.

ಹಲ್ಲಿನ ಐಸೋಟೋಪ್ ಪರೀಕ್ಷೆ (ಒಂದೇ ಧಾತುವಿನ ಹಗುರ, ಭಾರ ಪರಮಾಣುಗಳ ಪ್ರಮಾಣ ಅಳೆಯುವುದು), ಡಿಎನ್ಎ ಇವುಗಳ ಮೇಲೂ ನಿಮಗೆ ಆಸೆ ಇರಬಹುದು. ಕಪ್ಪು ಸಮುದ್ರದ ದಂಡೆಯ ಅಪೊಲೊನಿಯಾ, ಅಂದರೆ ಈಗಿನ ಬಲ್ಗೇರಿಯಾದ ಸೊಜೊಪೊಲ್, ಮಿಲೆಟಸಿನವರು ಕ್ರಿ.ಪೂ. 610ರ ಸುಮಾರಿಗೆ ಥ್ರೇಸಿಯನ್ ನೆಲದಲ್ಲಿ ಕಟ್ಟಿದ ಊರು. ಅಲ್ಲಿನ ಕಾಲ್ಫಾತಾ ಸ್ಮಶಾನದ ಎಲುಬುಗಳ ಪರೀಕ್ಷೆಯಿಂದ ಜನ ಧಾನ್ಯದ ಜೊತೆಗೆ ಕಡಲ ಆಹಾರವನ್ನೂ ತಿನ್ನುತ್ತಿದ್ದರೆಂದು ತಿಳಿದಿದೆ. ಹಲ್ಲಿನ ಆಮ್ಲಜನಕದಿಂದ ವಲಸೆಯನ್ನೂ ಹುಡುಕಿದ್ದಾರೆ. ಹಲ್ಲು ಹೇಳುವುದು ಬಾಲ್ಯದಲ್ಲಿ ಕುಡಿದ ನೀರಿನ ಊರನ್ನು. ಬಂದವರ ಮಕ್ಕಳು ಅಪೊಲೊನಿಯಾದಲ್ಲೇ ಹುಟ್ಟಿದರೆ ಹಲ್ಲು ಅವರನ್ನು ‘ಸ್ಥಳೀಯರು’ ಎನ್ನುತ್ತದೆ, ಪಕ್ಕದ ಬೆಟ್ಟದ ಥ್ರೇಸಿಯನ್ನನನ್ನೂ ‘ಸ್ಥಳೀಯ’ ಎನ್ನುತ್ತದೆ. ಹಾಗಾಗಿ ಮೊದಲ ತಲೆಮಾರಿನ ಸಮಾಧಿಗಳಲ್ಲಿ ಮಾತ್ರ ಇದರ ಉಪಯೋಗ ಹೆಚ್ಚು. ಎದೆಹಾಲು ಕುಡಿಯುವಾಗ ಕಟ್ಟಿಕೊಳ್ಳುವ ಮೊದಲ ದವಡೆ ಹಲ್ಲನ್ನು ಬಿಟ್ಟು, ಎಂಟು ವರ್ಷದ ನಂತರ ಬೆಳೆಯುವ ಮೂರನೇ ದವಡೆ ಹಲ್ಲನ್ನು ಆರಿಸಬೇಕು, ಇಲ್ಲದಿದ್ದರೆ ತಾಯಿಯ ಹಾಲು ಅಂಕಿಯನ್ನು ಏರಿಸಿ ಎಲ್ಲರನ್ನೂ ಪರದೇಶಿಗಳನ್ನಾಗಿ ಮಾಡುತ್ತದೆ.

ಇಷ್ಟಾದ ಮೇಲೆ, ಅಬ್ದೆರಾದಲ್ಲಿ ಗ್ರೀಕರೂ ಥ್ರೇಸಿಯನ್ನರೂ ಹೇಗೆ ಬದುಕಿದರು ಎಂಬುದಕ್ಕೆ ನಾಣ್ಯ ಒಂದು ಕಿಟಕಿ. ತೆಯೋಸಿನವರು ತಾಯೂರಿನ ಗ್ರಿಫಿನ್ (ಹದ್ದಿನ ತಲೆ, ಸಿಂಹದ ಮೈಯ ಕಲ್ಪಿತ ಪ್ರಾಣಿ) ಲಾಂಛನವನ್ನೇ ಇಲ್ಲಿ ಮುದ್ರಿಸಿದರು, ಮುಖ ಮಾತ್ರ ಎಡಕ್ಕೆ ತಿರುಗಿಸಿ. ಆ ದೊಡ್ಡ ಬೆಳ್ಳಿ ನಾಣ್ಯಗಳು ಈಜಿಪ್ಟ್, ಸಿರಿಯಾಗಳ ನಿಧಿಗಳಲ್ಲಿ ಸಿಗುತ್ತವೆ. ಅಷ್ಟು ಬೆಳ್ಳಿ ಕರಾವಳಿಯಲ್ಲಿ ಹುಟ್ಟುವುದಿಲ್ಲ. ಥ್ರೇಸಿನ ಬೆಟ್ಟಗಳಿಂದ ಇಳಿದು ಬರಬೇಕು, ಬೆಟ್ಟದವರು ಬಿಟ್ಟುಕೊಡಬೇಕು. ಅಥೆನ್ಸ್ ಮುಂದಾಳತ್ವದ ಗ್ರೀಕ್ ಊರುಗಳ ಒಕ್ಕೂಟವಾದ ಡೆಲೋಸ್ ಕೂಟದ ಕಾಲದಲ್ಲಿ ಅಬ್ದೆರಾ ಅಥೆನ್ಸಿಗೆ ಕೆಲವು ವರ್ಷ 15 ಟ್ಯಾಲೆಂಟ್ (ಒಂದು ಟ್ಯಾಲೆಂಟ್ ಎಂದರೆ ಸುಮಾರು 26 ಕಿಲೋ ಬೆಳ್ಳಿ) ಕಪ್ಪ ತೆತ್ತಿದೆ. ನೆರೆಯವರೊಡನೆ ದಿನಾ ಜಗಳವಾಡುವ ಊರಿಗೆ ಅದು ಸಾಧ್ಯವಿಲ್ಲ. ಹಾಗೆಂದು ಸದಾ ಸ್ನೇಹವೂ ಇರಲಿಲ್ಲ. ಕ್ರಿ.ಪೂ. 376ರ ಸುಮಾರಿಗೆ ತ್ರಿಬಲ್ಲಿ ಎಂಬ ಒಳನಾಡಿನ ಬುಡಕಟ್ಟಿನವರು ಮೂವತ್ತು ಸಾವಿರಕ್ಕೂ ಹೆಚ್ಚು ಜನ ಇಳಿದುಬಂದರು. ಎರಡನೇ ಕಾಳಗದಲ್ಲಿ ಜೊತೆಗಿದ್ದ ಥ್ರೇಸಿಯನ್ನರು ಪಕ್ಷ ಬದಲಿಸಿದಾಗ ಅಬ್ದೆರಾದ ಪಡೆ ಹೆಚ್ಚುಕಡಿಮೆ ನಿರ್ನಾಮವಾಯಿತು ಎಂದು ಪ್ರಾಚೀನ ಇತಿಹಾಸಕಾರ ಡಿಯೊಡೊರಸ್ ಬರೆಯುತ್ತಾನೆ. ಗಮನಿಸಿ, ಪಕ್ಷ ಬದಲಿಸುವ ಮೊದಲು ಅವರು ಅಬ್ದೆರಾದ ಮಿತ್ರರೇ.

ನಿಮ್ಮ ಪ್ರಬಂಧಕ್ಕೆ ಒಂದು ಸಲಹೆ. ಥ್ರೇಸಿನ ಯಾವ ಊರಿನ ವರದಿ ಕೈಗೆತ್ತಿಕೊಂಡರೂ ಬಣ್ಣದ ಮಡಕೆಗಳ ಚಿತ್ರಪುಟಗಳಿಗೆ ಹೋಗುವ ಮುನ್ನ ಜರಡಿಯ ಅಳತೆ ಬರೆದಿದ್ದಾರೆಯೇ, ಒರಟು ಚೂರುಗಳನ್ನು ಎಣಿಸಿದ್ದಾರೆಯೇ, ಎಷ್ಟು ಎಸೆದರೆಂದು ಹೇಳಿದ್ದಾರೆಯೇ ಎಂದು ನೋಡಿ. ಈ ಮೂರೂ ಇಲ್ಲದ ವರದಿಯಿಂದ ಊರಿನ ಕಾಲವನ್ನು ತೆಗೆದುಕೊಳ್ಳಬಹುದು, ಗ್ರೀಕರೆಷ್ಟು ಥ್ರೇಸಿಯನ್ನರೆಷ್ಟು ಎಂಬ ಕೋಷ್ಟಕವನ್ನು ಮಾತ್ರ ಕಟ್ಟಬೇಡಿ.